ಕುಸಿದ ಕಟ್ಟೆಯ ಅಳತೆ

ಹುನ್ನೂರ ಅತ್ತೀ,

ಇದು ನಿನ್ನೆದುರು ಕೂತು ಹೇಳಬೇಕಾದ ಮಾತು. ನೀನಿದ್ದಾಗ ನನಗೆ ತಿಳಿದಿರಲಿಲ್ಲ. ತಿಳಿದಿರಲಿಲ್ಲವೋ, ಒಪ್ಪಲು ಮನಸ್ಸಿರಲಿಲ್ಲವೋ...

ಜಮಖಂಡಿಯ ನನ್ನ ಹಲ್ಲಿನ ದವಾಖಾನೆಗೆ ನೀನು ಎರಡನೇ ಸಲ ಬಂದ ದಿನ ನೆನಪಿದೆಯೇ? ನಿನ್ನ ಕೆಳಗಿನ ಮುಂದಿನ ಹಲ್ಲಿಗೂ ವಸಡಿಗೂ ನಡುವಿನ ಸಂದಿಯಲ್ಲಿ ಅಳತೆಯ ಕಡ್ಡಿ ಇಳಿಸಿದೆ. ಹಿಂದಿನ ವರ್ಷದ ಕಾರ್ಡಿನಲ್ಲಿ ಆರು ಮಿಲಿಮೀಟರು ಇತ್ತು, ಈಗ ನಾಲ್ಕು. ಸಂದಿ ತುಂಬಿಕೊಂಡಿತೆಂದು ಹಿಗ್ಗಿದೆ.

"ಛಲೋ ಆಗೇತಿ ಅತ್ತಿ!"

ನೀನು ಕನ್ನಡಿ ಹಿಡಿದು ನೋಡಿಕೊಂಡೆ. "ಹಲ್ಲು ಉದ್ದಾಗೇತಲ್ಲೋ ತಮ್ಮಾ. ನಮ್ಮ ಬಾವಿ ಕಟ್ಟಿ ಕುಸಿದಾಗ ಗಿಡ್ಡ ಹಗ್ಗ ಸಾಕಾತು. ನೀರು ಮ್ಯಾಲೆ ಬಂತಂತ ನಿಮ್ಮ ಮಾವ ಕುಣಿದಾಡಿದ್ದ."

"ಬಾವಿ ಬ್ಯಾರೆ, ಬಾಯಿ ಬ್ಯಾರೆ ಅತ್ತಿ."

"ಎರಡನ್ನೂ ದಂಡಿಯಿಂದನ ಅಳಿತೀರೇನ್ಲೇ?"

ನಕ್ಕು ಕಾರ್ಡಿನಲ್ಲಿ 'ಸುಧಾರಣೆ' ಎಂದು ಬರೆದೆ.

ಆ ಹಲ್ಲು ಬಿದ್ದ ಮೇಲೆ ಒಂದು ಸಂಜೆ ಮನೆ ಮುಂದಿನ ಕಟ್ಟೆಯ ಮೇಲೆ ನೀನು ಕತೆ ಶುರುಮಾಡಿದ್ದೆ. "ಏಳು ಸಮುದ್ರದಾಚೆ" ಅನ್ನುವಾಗ ಹಲ್ಲು ಬಿದ್ದ ಕಿಂಡಿಯಿಂದ ಗಾಳಿ ಸುಯ್ಯೆಂದಿತು. ಮಕ್ಕಳು ನಕ್ಕರು, ನೀನೂ ನಕ್ಕೆ. ಮರುದಿನದಿಂದ ಯಾರು ಕೇಳಿದರೂ, "ಇವತ್ತ ಬ್ಯಾಡ್ರೋ" ಎಂದೆ. ನಾನು ಕತೆ ಕೇಳಿ ಬೆಳೆದದ್ದೇ ಆ ಬಾಯಿಂದ. ಅದನ್ನು ಮುಚ್ಚಿಸಿದ್ದು ನಾನೇ ಏನು?

ಮೊನ್ನೆ ಹಳೆಯ ಕಾರ್ಡುಗಳನ್ನು ಜೋಡಿಸುವಾಗ ನಿನ್ನ ಹಲ್ಲಿನ ಎರಡು ಪ್ಲಾಸ್ಟರ್ ಅಚ್ಚುಗಳು ಸಿಕ್ಕವು. ಒಂದು ಮೊದಲ ವರ್ಷದ್ದು, ಇನ್ನೊಂದು 'ಸುಧಾರಣೆ' ಬರೆದ ದಿನ ನನ್ನ ಗೆಲುವು ತೋರಿಸಲು ತೆಗೆದದ್ದು. ಈ ಸಲ ವಸಡಿನ ಅಂಚಿನಿಂದ ಅಳೆಯಲಿಲ್ಲ. ಹಲ್ಲಿನ ಬಿಳುಪು ಮುಗಿದು ಬೇರು ಶುರುವಾಗುವ ಗೆರೆಯಿಂದ ಅಳೆದೆ, ಅದು ಸರಿಯುವುದಿಲ್ಲ. ಮೊದಲ ಅಚ್ಚಿನಲ್ಲಿ ವಸಡಿನ ಅಂಚು ಸರಿಯಾಗಿ ಆ ಗೆರೆಗೇ ಇತ್ತು. ಎರಡನೆಯದರಲ್ಲಿ ಮೂರು ಮಿಲಿಮೀಟರು ಕೆಳಗೆ. ಸಂದಿಯ ನಾಲ್ಕಕ್ಕೆ ಈ ಮೂರು ಕೂಡಿಸಿದೆ. ಬೇರಿನ ಹಿಡಿತ ಬಿಟ್ಟ ಆಳ ಆರು ಇದ್ದದ್ದು ನಾಲ್ಕಾಗಿರಲಿಲ್ಲ ಅತ್ತಿ, ಏಳಾಗಿತ್ತು.

ವಸಡು ಇಳಿದದ್ದು ಅಂದು ನನ್ನ ಕಣ್ಣಿಗೂ ಬಿದ್ದಿರಬೇಕು. ಕಾರ್ಡಿನಲ್ಲಿ ಅದಕ್ಕೆ ಖಾನೆ ಇರಲಿಲ್ಲ, ಅದಕ್ಕೇ ಕಾಣಲಿಲ್ಲ. ಕಂಡಿದ್ದರೆ ಹಲ್ಲು ಉಳಿಯುತ್ತಿತ್ತೇ? ಹೇಳಲಾರೆ. ಇನ್ನೊಂದಿಷ್ಟು ದಿನ ಕತೆಯಾದರೂ...

ಈಗ ಹೊಸ ಕಾರ್ಡು ಮಾಡಿಸಿದ್ದೇನೆ. ಮೊದಲ ಖಾನೆ ವಸಡು ಎಷ್ಟು ಇಳಿದಿದೆ ಎಂಬುದಕ್ಕೆ, ಸಂದಿಯ ಆಳ ಆಮೇಲೆ. ಯಾರಾದರೂ "ಹಲ್ಲು ಉದ್ದಾಗ್ಯಾವ್ರಿ" ಅಂದರೆ ಕಡ್ಡಿ ಕೆಳಗಿಟ್ಟು ಮೊದಲು ಅವರ ಮಾತು ಕೇಳುತ್ತೇನೆ.

ನಿನ್ನ ಕಾರ್ಡಿನಲ್ಲಿ 'ಸುಧಾರಣೆ' ಎಂದು ಬರೆದದ್ದನ್ನು ಅಳಿಸಿಲ್ಲ. ಅದರ ಕೆಳಗೆ, ನಿನ್ನ ಮಾತಿನಲ್ಲೇ ಬರೆದಿದ್ದೇನೆ: 'ಕಟ್ಟಿ ಕುಸಿದಿತ್ತು. ಅತ್ತಿ ಹೇಳಿದ್ದು ಖರೆ.'