ನೂರು ಕೂಸುಗಳ ಸಾಲಿನಲ್ಲಿ

ರಾಮಾಪುರ

ಅಂಗನವಾಡಿಯ ಮಹಾಘನ ತಕ್ಕಡಿಗೂ ಅದರ ಒಡತಿ ಪುಷ್ಪ ಟೀಚರಿಗೂ ಸಾಷ್ಟಾಂಗ ನಮಸ್ಕಾರ.

ಸೋಮವಾರ ನೀವು ಅಕ್ಕನ ಕೂಸನ್ನು ತೂಗುವಾಗ ತಕ್ಕಡಿಗೆ ನೇತುಹಾಕಿದ್ದ ಜೋಳಿಗೆಯನ್ನು ಕೆಳಗಿನಿಂದ ಎಳೆದವನು ನಾನೇ. ನಗಿಸಲು ಮಾಡಿದೆ. ಐವತ್ತನೇ ಪರ್ಸೆಂಟೈಲ್, ನೂರು ಕೂಸುಗಳ ಸಾಲಿನಲ್ಲಿ ಇವಳು ನಟ್ಟನಡುವೆ ಎಂದು ಕಾರ್ಡಿನಲ್ಲಿ ಬರೆದಿರಿ. ಇವತ್ತು ಅಂಗಡಿ ತಕ್ಕಡಿಯಲ್ಲಿ ತೂಗಿಸಿ ನಿಮ್ಮ ಚಾರ್ಟ್ ನೋಡಿದೆ. ಮೂರನೆಯದು, ಟೀಚರ್. ತೊಂಬತ್ತೇಳು ಕೂಸುಗಳು ಇವಳಿಗಿಂತ ಭಾರ.

ನಿನ್ನೆಯಿಂದ ಹಾಲೂ ಕುಡಿಯುತ್ತಿಲ್ಲ. ಆಸ್ಪತ್ರೆಗೆ ಹೋಗೋಣವೆಂದರೆ ಅಕ್ಕ, "ಕೂಸು ಸರ್ಯಾಗೇ ಅದೆ ಕಣ್ಲಾ, ಟೀಚರ್ ಕಾರ್ಡೇ ಏಳ್ತದೆ" ಅನ್ನುತ್ತಾಳೆ. ನಿಜ ಹೇಳಿದೆ. "ಓಗ್ಲಾ, ಇದೂ ನಿನ್ ತಮಾಸೆ" ಅಂದಳು.

ಈಗಲೇ ತಕ್ಕಡಿ ತಕ್ಕೊಂಡು ಬನ್ನಿ. ನಿಮ್ಮ ಮಾತು ನಂಬುತ್ತಾಳೆ. ನಾನು ಹತ್ತು ಮಾರು ದೂರದಲ್ಲಿ ನಿಂತಿರುತ್ತೇನೆ.

ಕೈ ಕಟ್ಟಿಕೊಂಡು,
ನಿಂಗರಾಜು