ಗಂಜಿ ಬಿಟ್ಟ ಚೀಟಿಗಳು

ವಡಗಾವಿ, ಬೆಳಗಾವಿ
12 ಫೆಬ್ರವರಿ 2001, ಸೋಮವಾರ

ಮಗಳು ಪೂರ್ಣಿಮಾಳಿಗೆ ಅವ್ವನ ಆಶೀರ್ವಾದ.

ನನ್ನಿಂದ ಒಂದು ತಪ್ಪಾಗಿದೆ. ನಿನ್ನ ಅಪ್ಪನ ಹರಳುಗಳನ್ನು ತೊಳೆದುಬಿಟ್ಟೆ.

ಕಾಲೇಜಿನ ಚನ್ನಬಸಯ್ಯ ಸರ್ ಈ ಭಾನುವಾರ ಬರುತ್ತಾರೆ. ಅಪ್ಪ ಕೂಡಿಸಿಟ್ಟ ಇಪ್ಪತ್ಮೂರು ಅಕ್ವಾಮರೀನ್ ಹರಳುಗಳನ್ನು ಕಾಲೇಜಿನ ಗಾಜಿನ ಕಪಾಟಿನಲ್ಲಿ ಅವರ ಹೆಸರು ಬರೆದು ಇಡುತ್ತಾರಂತೆ. ಮಗ್ಗದ ಧೂಳು ಹಿಡಿದ ಕಲ್ಲು ಕೊಡುವುದು ಹೇಗೆಂದು ಎಲ್ಲವನ್ನೂ ಬಿಸಿನೀರಿನ ಬೋಗುಣಿಗೆ ಹಾಕಿ, ಒಲೆಯ ಮೇಲಿನ ಹಾಲು ನೋಡಲು ಹೋದೆ. ಬಂದು ನೋಡಿದರೆ ನಂಬರಿನ ಚೀಟಿಗಳೆಲ್ಲ ತೇಲುತ್ತಿದ್ದವು. ಅವರು ಚೀಟಿ ಅಂಟಿಸುತ್ತಿದ್ದುದು ನೂಲಿಗೆ ಹಾಕುವ ಗಂಜಿಯಿಂದ. ಬಿಸಿನೀರಿಗೆ ಗಂಜಿ ಬಿಡುತ್ತದೆಂದು ಮೂವತ್ತು ವರ್ಷ ನೇಕಾರರ ಮನೆಯಲ್ಲಿ ಬಾಳಿದ ನನಗೆ ಗೊತ್ತಿರಲಿಲ್ಲವೇ?

ಅಪ್ಪನ ನೋಟುಬುಕ್ಕಿನಲ್ಲಿ ನಂಬರಿದೆ, ಹರಳು ಸಿಕ್ಕ ಊರಿದೆ. ಯಾವ ನಂಬರು ಯಾವ ಕಲ್ಲಿನದು ಎನ್ನುವುದೇ ತಿಳಿಯದು. ಎಲ್ಲವೂ ಆರು ಮೂಲೆಯ ಕೋಲುಗಳು, ಎಲ್ಲಕ್ಕೂ ತಿಳಿನೀರಿನ ನೀಲಿ ಬಣ್ಣ. ಫೋನ್ ಬೂತಿಗೆ ಹೋಗಿ, ಚೀಟಿ ಇಲ್ಲದಿದ್ದರೆ ನಡೆದೀತೇ ಎಂದು ಸರ್ ಅವರನ್ನು ಕೇಳಿದೆ. "ಊರ ಗೊತ್ತಿಲ್ಲದ ಹರಳು ಅಂಗಡ್ಯಾಗ ಚಂದರೀ ಅವ್ವಾರ, ನಮ್ಮ ಕಪಾಟಿಗೆ ಬರೂದಿಲ್ಲ" ಎಂದರು. ನಿನ್ನೆ ಊಹೆಯ ಮೇಲೆ ನಾಲ್ಕು ಹರಳಿಗೆ ಚೀಟಿ ಅಂಟಿಸಿ, ಸುಳ್ಳಾದೀತೆಂದು ಮತ್ತೆ ಕಿತ್ತೆ.

ನಿನಗೆ ಗುರುತು ಸಿಗುತ್ತದೆ. ಚಿಕ್ಕವಳಿದ್ದಾಗ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದವಳು ನೀನು. ತುದಿ ಮುರಿದದ್ದಕ್ಕೆ ಬೊಚ್ಚಬಾಯಿ ಅಜ್ಜಿ ಎಂದು ಹೆಸರಿಟ್ಟಿದ್ದೆ. "ತಡೀ, ನಿಮ್ಮವ್ವನೂ ಹಿಂಗ ಕಾಣ್ತಾಳ" ಎಂದು ಅಪ್ಪ ನಕ್ಕಿದ್ದರು.

ನಿಮ್ಮ ಖಾನಾಪುರದಿಂದ ಇಲ್ಲಿಗೆ ಒಂದು ತಾಸಿನ ದಾರಿ. ಒಂಬತ್ತು ತಿಂಗಳಾಯಿತು, ನೀನು ಬಂದಿಲ್ಲ. ಏಕೆಂದು ನನಗೆ ಗೊತ್ತು. ನಿಮ್ಮ ಹೊಲದ ಬಾವಿ ತೋಡುವಾಗ ನೀಲಿ ಹರಳು ಕಂಡಿತೆಂದು ಬೂತಿಗೆ ಫೋನ್ ಮಾಡಿ ಅಪ್ಪನನ್ನು ಕರೆದವಳು ನೀನು. ಅವರು ಬಂದು, ಏಣಿ ಹಿಡಿದು ಬಾವಿಗಿಳಿದು, ಹರಳು ಹಿಡಿದುಕೊಂಡು ಹತ್ತಿ, ವಾಪಸ್ ಬರುವ ಬಸ್ಸಿನಲ್ಲೇ ಜೀವ ಬಿಟ್ಟರು. ಮಣ್ಣು ಕೊಡುವಾಗ ನೀನು ನನ್ನ ಮುಖ ನೋಡಲಿಲ್ಲ. "ನಾ ಕರೀಬಾರ್ದಿತ್ತವ್ವಾ" ಎಂದೆ, ಅಷ್ಟೇ.

ಆ ಹರಳನ್ನು ನಾನು ತೊಳೆದಿಲ್ಲ. ಅವರ ಅಂಗಿಯ ಜೇಬಿನಲ್ಲಿತ್ತು, ಬಸ್ ಟಿಕೆಟ್ಟು ಸುತ್ತಿದ್ದರು. ಟಿಕೆಟ್ಟಿನ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿದ್ದಾರೆ: 24. ಖಾನಾಪುರ. ಕರೆದು ಕೊಟ್ಟವಳು ಪೂರ್ಣಿ. ಬೇಸರದಲ್ಲಿ ಬರೆದ ಅಕ್ಷರವಲ್ಲ, ನೀನೇ ನೋಡು.

ಶನಿವಾರವೇ ಬಾ.

ನಿನ್ನ ಅವ್ವ
ಸಂಗವ್ವ

ತಾ.ಕ.: ಅವರು ನಿಮ್ಮೂರಿಗೆ ಹೊರಡುವ ಎಂಟು ದಿನ ಮೊದಲು ಡಾಕ್ಟರು, "ಎದಿ ಭಾಳ ಸೋತೈತ್ರಿ, ಏಣಿ ಹತ್ತಬ್ಯಾಡ್ರಿ" ಎಂದಿದ್ದರು. ನಾನು ಪಕ್ಕದಲ್ಲೇ ಕುಳಿತಿದ್ದೆ. ನಿನಗೆ ತಿಳಿಸಬೇಡ ಎಂದರು ಅಪ್ಪ, ನಾನು ತಿಳಿಸಲಿಲ್ಲ. ಆ ಬೆಳಿಗ್ಗೆ ರೊಟ್ಟಿ ಕಟ್ಟಿ ಚೀಲ ಕೈಗೆ ಕೊಟ್ಟವಳು ನಾನೇ. ಡಾಕ್ಟರ ಮಾತನ್ನು ಅಂದೇ ಡೈರಿಯಲ್ಲಿ ಬರೆದಿಟ್ಟೆ. ನಿನಗೆ ಬರೆಯಲು ಒಂಬತ್ತು ತಿಂಗಳು ಬೇಕಾಯಿತು. ನಿನಗೆ ಗೊತ್ತಿರಲಿಲ್ಲ, ಪೂರ್ಣಿ. ನನಗೆ ಗೊತ್ತಿತ್ತು. ಇದನ್ನು ಓದಿದ ಮೇಲೂ ಬರುತ್ತೀಯಾ?