ತಿಂಗಳದ್ದೋ, ವರ್ಷದ್ದೋ

ಮಹಲ್ಲಾ,
ಜೂನ್ ೧೧, ಗುರುವಾರ

ಪ್ರೀತಿಯ ಹೈಸಮ್ ಅಣ್ಣಾ,

ಹೇಗಿದ್ದೀಯ? ಬೆನ್ನಿನ ತುರಿಕಜ್ಜಿ ಇಳಿಯಿತೇ? ಕಳೆದ ಚೀಲದಲ್ಲಿ ಕಳಿಸಿದ ಗಂಧಕದ ಸಾಬೂನನ್ನು ನೀನೊಬ್ಬನೇ ಹಚ್ಚಿಕೊಂಡರೆ ಪ್ರಯೋಜನವಿಲ್ಲವಂತೆ. ಕೋಣೆಯಲ್ಲಿರುವ ಎಲ್ಲರೂ ಒಂದೇ ದಿನ ಹಚ್ಚಿಕೊಳ್ಳಬೇಕು ಎಂದು ಔಷಧಿ ಅಂಗಡಿಯವರು ಒತ್ತಿ ಹೇಳಿದರು. ನೋಡಿದೆಯಾ, ತುರಿಯನ್ನು ಸೋಲಿಸುವುದಕ್ಕೂ ಒಗ್ಗಟ್ಟೇ ಬೇಕು. ಇದಕ್ಕೆ ನೀನು ನಗದಿದ್ದರೆ ನಿನಗೆ ನಿಜವಾಗಿಯೂ ಹುಷಾರಿಲ್ಲ ಎಂದು ತಿಳಿಯುತ್ತೇನೆ. ದವಡೆ ಹಲ್ಲಿನ ನೋವಿಗೆ ಲವಂಗ ಹಾಕಿದ್ದೇನೆ, ಜೈಲಿನವರು ಒಳಗೆ ಬಿಟ್ಟರೆ ನಿನಗೆ ಸಿಗುತ್ತದೆ. ಅಮ್ಮನ ಸಕ್ಕರೆ ಹತೋಟಿಯಲ್ಲಿದೆ, ಮಂಡಿ ಮಾತ್ರ ಮಾತು ಕೇಳುವುದಿಲ್ಲ. ನಾನು ಅದೇ ಹೊಲಿಗೆ ಶೆಡ್ಡಿನಲ್ಲಿ ಅಂಗಿಗಳಿಗೆ ಕಾಲರ್ ಕೂರಿಸುತ್ತಿದ್ದೇನೆ. ಶೌಚಾಲಯಕ್ಕೆ ಚಿಲಕ ಹಾಕಿಸಿ ಎಂದು ಎಲ್ಲ ಹುಡುಗಿಯರ ಸಹಿ ಪಡೆದು ಕೊಟ್ಟ ಮೇಲೆ ಮೇಸ್ತ್ರಿ ನನ್ನನ್ನು ಕಂಡಾಗಲೆಲ್ಲ, "ದಾರಿ ಬಿಡ್ರಪ್ಪಾ, ಮಂತ್ರಿಣಿಯವರು ಬಂದ್ರು" ಎನ್ನುತ್ತಾನೆ. ಚಿಲಕ ಬಂತು. ಅದು ಮುಖ್ಯ.

ಈ ಪತ್ರವನ್ನು ನಿನಗಿಂತ ಮೊದಲು ಓದುವ ಸಾಹೇಬರಿಗೂ ನನ್ನ ಸಲಾಮು. ಕಳೆದ ಎರಡು ಪತ್ರಗಳು ನಿನಗೆ ತಲುಪಲೇ ಇಲ್ಲ ಎಂದು ಕೇಳಿದೆ, ಅವುಗಳಲ್ಲಿ ನ್ಯಾಯದ ಮಾತು ಹೆಚ್ಚಾಗಿತ್ತೋ ಏನೋ. ಆದ್ದರಿಂದ ಇವತ್ತು ಬರೀ ಅಂಗಡಿಯ ವಿಷಯ ಬರೆಯುತ್ತೇನೆ. ಮನೆಗೆ ಸಾಮಾನು ತಂದುಕೊಡುವ ಆನ್‌ಲೈನ್ ಅಂಗಡಿಯ ಸದಸ್ಯತ್ವದಲ್ಲಿ ಹೇಗೆ ಹಣ ಉಳಿಸುವುದು ಎಂಬ ವಿಷಯದಲ್ಲಿ ಯಾವ ಸರ್ಕಾರಕ್ಕೂ ಆಕ್ಷೇಪಣೆ ಇರಲಾರದು.

ನೀನು ಗಿರಣಿಯ ಬಾಗಿಲಲ್ಲಿ ನಿಂತು ಓವರ್‌ಟೈಮ್ ಕೂಲಿಯ ಕರಪತ್ರ ಓದಿದ್ದಕ್ಕೆ ಪೊಲೀಸರು ನಿನ್ನನ್ನು ಕರೆದೊಯ್ದ ಆ ಬೇಸಿಗೆಯಲ್ಲಿ ನಮಗೆ ಏನೂ ಗೊತ್ತಿರಲಿಲ್ಲ. ವಿಚಾರಣೆ ಆಗದವರು ಬಿಳಿ ಬಟ್ಟೆಯನ್ನೇ ತೊಡಬೇಕು, ಅದರಲ್ಲಿ ಜೇಬಿರಬಾರದು, ಜಿಪ್ಪಿರಬಾರದು, ಅಕ್ಷರ ಅಚ್ಚಾಗಿರಬಾರದು ಎಂಬುದು ಜೈಲಿನ ಬಾಗಿಲಿಗೆ ಹೋದ ಮೇಲೆಯೇ ತಿಳಿದದ್ದು. ಅಲ್ಲಿ ಎದುರಿಗೇ ತಳ್ಳುಗಾಡಿಯವನು ಅಂಥದೇ ಬಿಳಿ ಜೊತೆಯನ್ನು ಮೂರು ಪಟ್ಟು ಬೆಲೆಗೆ ನೇತುಹಾಕಿದ್ದ. ಅಮ್ಮ ಚೌಕಾಸಿ ಮಾಡಿದರೆ, "ಬೇಡ ಅಂದ್ರೆ ಬಿಡಮ್ಮಾ, ಮಗನಿಗೆ ಪಟ್ಟೆಪಟ್ಟೆದು ಹಾಕಿಸು" ಅಂದ. ಆ ಸಿಟ್ಟಿನಲ್ಲಿ ಅಮ್ಮ ಬಸ್ಸಿನಲ್ಲೇ ಕೂತು ಆನ್‌ಲೈನ್ ಅಂಗಡಿಯ ಸದಸ್ಯತ್ವ ಮಾಡಿಸಿದಳು. ಸದಸ್ಯರಿಗೆ ಸಾಗಣೆ ಪುಕ್ಕಟೆ, ಬೆಲೆಯೂ ಕಡಿಮೆ. ನಾನು ಮೊದಲು ಜಗಳವಾಡಿದೆ. ಕೊಳ್ಳುವ ಹಕ್ಕಿಗೂ ತಿಂಗಳ ಕಾಣಿಕೆ ಕಟ್ಟುವುದು ಜಮೀನ್ದಾರನ ಬಾವಿಯಿಂದ ನೀರು ಸೇದಿದ ಹಾಗೆ ಎಂದೆ. ಅಮ್ಮ, "ನಿನ್ನ ಪುಸ್ತಕದವರು ಬಂದು ಬನಿಯನ್ ಹೊಲಿದುಕೊಡ್ತಾರೇನೇ?" ಎಂದು ಕೇಳಿದಳು. ನಿನ್ನ ಮಂಚದ ಕೆಳಗಿದ್ದ ಪುಸ್ತಿಕೆಗಳನ್ನೆಲ್ಲ ಪೊಲೀಸರು ಹೊತ್ತೊಯ್ದಿದ್ದರು, ನೆನಪಿನಲ್ಲಿದ್ದಷ್ಟೇ ನನ್ನ ಬಂಡವಾಳ.

ಆದರೆ ನೆನಪಿನಲ್ಲಿದ್ದುದನ್ನು ಬಳಸಿದೆ. ಒಂದೇ ಕೋಣೆಯವರ ಮನೆಯವರೆಲ್ಲ ಸರದಿಯ ಮೇಲೆ ಇಡೀ ಕೋಣೆಗೆ ಅಡುಗೆ ಮಾಡಿ ತರುತ್ತೇವಲ್ಲ, ಹಾಗೆಯೇ ಸದಸ್ಯತ್ವವೂ ಒಂದೇ ಸಾಕಲ್ಲವೇ ಎಂದು ಭೇಟಿಯ ಸಾಲಿನಲ್ಲಿ ನಿಂತಾಗ ಹೇಳಿದೆ. ಎಲ್ಲರೂ ಪಾಲು ಹಾಕುವುದು, ಸಾಮಾನು ನಮ್ಮ ಮನೆಗೆ ಬರುವುದು, ನಾನು ಚೀಲ ಬೇರೆಬೇರೆ ಮಾಡಿ ಕೊಡುವುದು. ಒಬ್ಬ ಹೆಂಗಸು, ಒಂದು ಮನೆಯವರಷ್ಟೇ ಬಳಸಬೇಕೆಂದು ನಿಯಮವಿದೆ, ಸಿಕ್ಕಿಬಿದ್ದರೆ ನಮ್ಮನ್ನೂ ಒಳಗೆ ಹಾಕುತ್ತಾರೆ ಎಂದು ಹೆದರಿದಳು. ನಿನ್ನ ಪಕ್ಕದಲ್ಲಿ ಮಲಗುವ ಶಾದಿಯ ತಾಯಿ, ನಮ್ಮ ಉಮ್ಮು ಶಾದಿ ಇದ್ದಾಳಲ್ಲ, ಅವಳು ಸಾಲೆಲ್ಲ ತಿರುಗಿ ನೋಡುವಂತೆ, "ನಮ್ಮ ಗಂಡಸರೆಲ್ಲ ಒಂದೇ ಕೋಣೇಲಿ ಒಬ್ಬರ ಕಾಲು ಒಬ್ಬರ ಮೂಗಿಗೆ ತಾಗಿಸ್ಕೊಂಡು ಮಲಗ್ತಾರೆ. ಇದಕ್ಕಿಂತ ಒಂದೇ ಮನೆ ಅನ್ನೋದು ಎಲ್ಲಿದೆ ತೋರಿಸ್ರೇ!" ಎಂದಳು. ಕಾವಲಿನವನೂ ನಕ್ಕ. ಅವತ್ತಿನಿಂದ ನಮ್ಮ ಸಹಕಾರ ಸಂಘ ಹುಟ್ಟಿತು. ಡೆಲಿವರಿ ಹುಡುಗ ನಮ್ಮ ಬಾಗಿಲಲ್ಲಿ ಬಿಳಿ ಬನಿಯನ್ನುಗಳ ಕಟ್ಟು ಇಳಿಸಿ, "ನಿಮ್ಮ ಮನೇಲಿ ಎಷ್ಟು ಜನ ಗಂಡುಮಕ್ಕಳು ತಾಯೀ?" ಎಂದು ಕೇಳಿದರೆ ಅಮ್ಮ, "ಒಂಬತ್ತು ಜನ. ಒಬ್ಬನೂ ಮನೇಲಿಲ್ಲ" ಅಂದಳು.

ನಮ್ಮಿಬ್ಬರ ನಿಜವಾದ ಜಗಳ ಬೇರೆ. ಸದಸ್ಯತ್ವದ ಹಣವನ್ನು ತಿಂಗಳು ತಿಂಗಳು ಕಟ್ಟಬಹುದು, ಇಲ್ಲವೇ ವರ್ಷದ್ದನ್ನು ಒಮ್ಮೆಗೇ ಕಟ್ಟಬಹುದು. ಒಮ್ಮೆಗೇ ಕಟ್ಟಿದರೆ ಎಂಟು ತಿಂಗಳ ಹಣಕ್ಕೆ ಹನ್ನೆರಡು ತಿಂಗಳು ಸಿಗುತ್ತದೆ. ಇದು ಚಿಕ್ಕ ಮಗುವಿಗೂ ತಿಳಿಯುವ ಲೆಕ್ಕ. ಅಮ್ಮ ಒಪ್ಪಲೇ ಇಲ್ಲ. "ವರ್ಷದ್ದು ಕಟ್ಟಿದರೆ, ನಮ್ಮ ಹುಡುಗನ್ನ ಇನ್ನೊಂದು ವರ್ಷ ಅಲ್ಲೇ ಕೂರಿಸ್ಕೊಳ್ಳಿ ಅಂತ ನಾವೇ ಬರೆದುಕೊಟ್ಟ ಹಾಗೆ ಕಣೇ. ತಿಂಗಳದ್ದು ಕಟ್ಟು. ಈ ತಿಂಗಳು ಬಂದುಬಿಡ್ತಾನೆ." ಅಲ್ಲಿ ನ್ಯಾಯಾಧೀಶರು ನಲವತ್ತೈದು ದಿನಕ್ಕೊಮ್ಮೆ ನಿನ್ನ ಬಂಧನವನ್ನು ಮುಂದುವರಿಸುತ್ತಿದ್ದರು, ಇಲ್ಲಿ ಅಮ್ಮ ತಿಂಗಳಿಗೊಮ್ಮೆ ಸದಸ್ಯತ್ವವನ್ನು ಮುಂದುವರಿಸುತ್ತಿದ್ದಳು. ಪ್ರತಿ ಸಲವೂ ಇದೇ ಕೊನೆಯ ತಿಂಗಳು ಎನ್ನುತ್ತಿದ್ದಳು. ಶಕುನ ನೋಡಿ ವ್ಯಾಪಾರ ಮಾಡಿದರೆ ಉದ್ಧಾರವಾಗುವವನು ವ್ಯಾಪಾರಿ ಎಂದು ನಾನು ಕೂಗಾಡಿದ್ದೇನೆ. "ನಮ್ಮ ಆಸೆಯ ಮೇಲೂ ಅವನು ತೆರಿಗೆ ಹಾಕ್ತಿದ್ದಾನೆ ಅಮ್ಮಾ" ಎಂದರೆ, "ಹಾಕಲಿ. ಕಟ್ಟೋಳು ನಾನು ತಾನೇ" ಎಂದು ಎದ್ದು ಹೋಗುತ್ತಿದ್ದಳು. ನಮ್ಮ ಪಾಲಿನ ಹಣಕ್ಕಾಗಿ ಅವಳು ನೆರೆಮನೆಯವರ ಅಡುಗೆಗೆ ಸೊಪ್ಪು ಬಿಡಿಸಿ, ಎಲೆಕೋಸಿನ ಎಲೆಯಲ್ಲಿ ಅಕ್ಕಿ ಸುತ್ತಿಕೊಟ್ಟು ಕೂಲಿ ಪಡೆಯುತ್ತಿದ್ದಳು. ಅವಳ ಬೆರಳುಗಳನ್ನು ನೋಡಿದಾಗ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಇನ್ನು ಮೇ ತಿಂಗಳ ವಿಷಯ. ವಿಚಾರಣೆಯಿಲ್ಲದೆ ಎರಡು ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ ಎಂಬ ಕಾನೂನು ನಿನಗೂ ಗೊತ್ತು, ಓದುವ ಸಾಹೇಬರಿಗೂ ಗೊತ್ತು. ಬಿಡುಗಡೆಯ ಆದೇಶ ಆಯಿತು ಎಂದು ವಕೀಲ ನಸೀಫ್ ಫೋನ್ ಮಾಡಿದಾಗ ಅಮ್ಮ ಮದುವೆಮನೆಯಲ್ಲಿ ಕೂಗುವ ಹಾಗೆ ಬಾಲ್ಕನಿಯಲ್ಲಿ ನಿಂತು ನಾಲಿಗೆ ಹೊರಳಿಸಿ ಕೂಗಿದಳು. ಇಡೀ ಬೀದಿ ತಲೆ ಹೊರಗೆ ಹಾಕಿತು. ನಿನ್ನ ಊಟಕ್ಕೆಂದು ಬಾತುಕೋಳಿ ತರಿಸಿದಳು. ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಆಮೇಲೆ ನನ್ನನ್ನು ಕರೆದು, "ಮೊದಲು ಆ ತಿಂಗಳ ಪೀಡೆಯನ್ನ ನಿಲ್ಲಿಸು" ಎಂದಳು. ಉಮ್ಮು ಶಾದಿಗೆ ಫೋನ್ ಮಾಡಿ, ನಿಮಗೆಲ್ಲ ತೊಂದರೆಯಾಗುತ್ತದಲ್ಲ ಎಂದೆ. "ನಿಲ್ಲಿಸು ಮಗಳೇ, ನಿಲ್ಲಿಸು. ಒಂದು ಮನೇದಾದ್ರೂ ನಿಂತಿತು ಅಂತ ಕಣ್ಣಾರೆ ನೋಡೋಣ. ನಮ್ಮದನ್ನ ನಾಳೆ ನನ್ನ ಹೆಸರಲ್ಲಿ ಶುರು ಮಾಡ್ತೀನಿ" ಅಂದಳು. ನಿಲ್ಲಿಸುವಾಗ ಅಂಗಡಿಯವರು ಕಾರಣ ಕೇಳುತ್ತಾರೆ. ಬೆಲೆ ದುಬಾರಿಯೇ, ಸಾಮಾನು ತಡವಾಯಿತೇ, ಬೇರೆ ಅಂಗಡಿ ಸಿಕ್ಕಿತೇ ಎಂದು. ಅಮ್ಮ ನನ್ನ ಭುಜದ ಮೇಲಿಂದ ಇಣುಕಿ, "ಇದ್ಯಾವುದೂ ಅಲ್ಲ. ಮಗ ಮನೆಗೆ ಬಂದ ಅಂತ ಬರಿ" ಎಂದಳು. "ಇನ್ನೂ ಬಂದಿಲ್ಲವಲ್ಲಮ್ಮಾ" ಎಂದೆ. "ಬರಿ ಅಂದ್ರೆ ಬರಿಯೇ." ಬರೆದೆ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ ಎಂದು ಉತ್ತರ ಬಂತು. ಅಮ್ಮ ಅದನ್ನು ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ತೋರಿಸಿದಳು.

ಆಮೇಲಿನದು ನಿನಗೆ ಆ ಕಡೆಯಿಂದ ಗೊತ್ತು. ಈ ಕಡೆಯಿಂದ ಹೇಗಿತ್ತು ಎಂದು ಬರೆಯುತ್ತೇನೆ, ಯಾಕೆಂದರೆ ಅಮ್ಮ ನಿನಗೆ ಎಂದೂ ಹೇಳುವುದಿಲ್ಲ. ಬಿಡುವ ಮೊದಲು ನಮ್ಮ ಊರಿನ ಠಾಣೆಗೆ ಕರೆತರುತ್ತಾರೆ ಎಂದರು, ಹೋಗಿ ಕೂತೆವು. ಬಾಗಿಲಿನವನು ಮೊದಲ ದಿನ, "ಇನ್ನೇನು ಕಾಗದ ಬರ್ಬೇಕು ಅಷ್ಟೇ, ಕೂತ್ಕೊಳ್ಳಿ ತಾಯೀ" ಎಂದು ಕುರ್ಚಿ ಕೊಟ್ಟ. ಮರುದಿನ ಕುರ್ಚಿ ಕೊಡಲಿಲ್ಲ. ಅದರ ಮರುದಿನ, ಆ ಹೆಸರಿನವರು ಇಲ್ಲಿಗೆ ಬಂದೇ ಇಲ್ಲ ಎಂದ. ನೀನು ಗೋಡೆಯ ಆಚೆಗೆ ಇದ್ದೆ ಎಂದು ಆಮೇಲೆ ತಿಳಿಯಿತು. ಬಾತುಕೋಳಿಯನ್ನು ಅಮ್ಮ ದಿನಾ ಬಿಸಿಮಾಡಿ ತರುತ್ತಿದ್ದಳು, ಕೆಟ್ಟ ಮೇಲೆ ಬೆಕ್ಕುಗಳಿಗೆ ಹಾಕಿದಳು. ಕೊನೆಗೆ ವಕೀಲರೇ ಠಾಣೆಯ ಎದುರು ಬಂದು, ಹಳೆಯ ಕೇಸಿನಿಂದ ಬಿಟ್ಟಿದ್ದಾರೆ, ಹೊಸ ಕೇಸಿಗೆ ಸೇರಿಸಿದ್ದಾರೆ ಎಂದರು. "ಹೊಸದಾಗಿ ಏನು ಮಾಡಿದ? ಒಳಗೇ ಇದ್ದನಲ್ಲ?" ಎಂದಳು ಅಮ್ಮ. "ಒಳಗಿದ್ದುಕೊಂಡೇ ಮಾಡಿದ ಅಂತ ಬರೆದಿದ್ದಾರೆ ತಾಯೀ." ಹಾಗಾದರೆ ಆ ಎರಡು ವರ್ಷ ಲೆಕ್ಕಕ್ಕಿಲ್ಲವೇ ಎಂದಳು. ಅದು ಆ ಕೇಸಿಗೆ, ಇದಕ್ಕೆ ಮೊದಲ ದಿನದಿಂದ ಎಣಿಕೆ ಎಂದರು ವಕೀಲರು. ಅವರೂ ಅವಳ ಮುಖ ನೋಡದೆ ಹೇಳಿದರು. ಅಮ್ಮ ಅಳಲಿಲ್ಲ, ಬಯ್ಯಲಿಲ್ಲ. ನಾನು ಬೀದಿಯಲ್ಲೇ ಕೂಗಲು ಬಾಯಿ ತೆರೆದಾಗ ನನ್ನ ಬಾಯಿ ಮುಚ್ಚಿ, "ನೀನೂ ಹೋಗ್ಬೇಡ" ಎಂದಳು. ಅಷ್ಟೇ.

ಅಣ್ಣಾ, ಎಲ್ಲಕ್ಕೂ ಒಂದು ಸೂತ್ರವಿದೆ ಎಂದು ನೀನೇ ನನಗೆ ಓದಿಸಿದ್ದೆ. ಕೂಲಿಗೆ ಸೂತ್ರ, ಬೆಲೆಗೆ ಸೂತ್ರ, ದುಡಿಮೆಯ ಗಂಟೆಗೆ ಸೂತ್ರ. ಈ ಎಣಿಕೆ ಮುಗಿದ ಕೂಡಲೇ ಮತ್ತೆ ಒಂದರಿಂದ ಶುರುವಾಗುವ ಸೂತ್ರ ಯಾವ ಪುಸ್ತಿಕೆಯಲ್ಲೂ ಇರಲಿಲ್ಲ. ನಾನು ಸೋತಿದ್ದೇನೆ ಎಂದು ತಿಳಿಯಬೇಡ. ಶೆಡ್ಡಿನಲ್ಲಿ ಹುಡುಗಿಯರು ಈಗ ಊಟದ ಬಿಡುವಿಗಾಗಿ ಸಹಿ ಹಾಕುತ್ತಿದ್ದಾರೆ, ಮೇಸ್ತ್ರಿಯ ಹೆಂಡತಿಯ ತಂಗಿಯೂ ಹಾಕಿದಳು. ನ್ಯಾಯ ಎನ್ನುವುದು ಯಾರೋ ಬಿಡುಗಡೆ ಮಾಡಿ ಕಳಿಸುವ ವಸ್ತುವಲ್ಲ ಎಂದು ಈಗ ಮೊದಲಿಗಿಂತ ಗಟ್ಟಿಯಾಗಿ ನಂಬುತ್ತೇನೆ. ಆದರೆ ಮನೆಗೆ ಬಂದು ಅಮ್ಮ ತರಕಾರಿ ಹೆಚ್ಚುವುದನ್ನು ನೋಡುತ್ತಾ ಕೂತರೆ ನನ್ನ ಯಾವ ಮಾತೂ ಅವಳ ತನಕ ಹೋಗುವುದಿಲ್ಲ. ಅವಳು ಮೊದಲು ದಿನಕ್ಕೆ ಹತ್ತು ಸಲ ನಿನ್ನ ಹೆಸರು ಹಿಡಿದು ನನ್ನನ್ನು ಬಯ್ಯುತ್ತಿದ್ದಳು. ಈಗ ಬಯ್ಯುವುದೇ ಇಲ್ಲ.

ಅಪ್ಪನ ಸಮಾಧಿಗೆ ಶುಕ್ರವಾರ ಹೋಗಿ ಬಂದೆವು, ನಿನ್ನ ಪರವಾಗಿಯೂ ಫಾತಿಹಾ ಓದಿದೆ. ಬೀದಿಯವರೆಲ್ಲ ನಿನ್ನನ್ನು ಕೇಳುತ್ತಾರೆ, ಕೇಳುವಾಗ ದನಿ ತಗ್ಗಿಸುತ್ತಾರೆ, ಆದರೂ ಕೇಳುತ್ತಾರೆ. ಕೋಣೆಯ ಎಲ್ಲ ಅಣ್ಣಂದಿರಿಗೂ ನಮ್ಮ ಮನೆಯ ಸಲಾಮು ಹೇಳು. ದೇವರು ನಿನ್ನ ಬೆನ್ನನ್ನೂ ನಿನ್ನ ನಾಲಿಗೆಯನ್ನೂ ಕಾಪಾಡಲಿ. ಅಮ್ಮ ನಿನ್ನ ಎರಡೂ ಕಣ್ಣಿಗೆ ಮುತ್ತಿಟ್ಟಿದ್ದಾಳೆ ಎಂದು ಬರೆಯಲು ಹೇಳಿದಳು.

ನಿನ್ನ ತಂಗಿ,
ನಗ್ಲಾ

ಮರೆತದ್ದು: ಉಮ್ಮು ಶಾದಿ ಜೈಲಿಗೆ ತರುವ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಬಸ್ಸು ತಪ್ಪುತ್ತದೆ ಎಂದು ಬಯ್ಯುತ್ತಿದ್ದಾಳೆ. ಬೇಗ ಬೇಗ ಬರೆಯುತ್ತೇನೆ. ಬೆಳಿಗ್ಗೆ ಅಮ್ಮ ತಾನಾಗಿಯೇ ಫೋನ್ ನನ್ನ ಕೈಗಿಟ್ಟು, "ಸದಸ್ಯತ್ವ ಮತ್ತೆ ಶುರು ಮಾಡು. ಬಿಟ್ಟುಹೋಗಿ ಮರಳಿ ಬಂದವರಿಗೆ ವರ್ಷದ್ದು ಇನ್ನೂ ಅಗ್ಗ ಅಂತೆ. ವರ್ಷದ್ದೇ ಕಟ್ಟು, ನೀನು ಹೇಳ್ತಿದ್ದದ್ದೇ ಸರಿ" ಎಂದಳು. ಇಷ್ಟು ಕಾಲ ನಾನು ಗಂಟಲು ಹರಿದುಕೊಂಡು ಕೇಳಿದ ಮಾತು ಅದು. ಆದರೆ ನಾನು ಆ ಗುಂಡಿ ಒತ್ತಲಿಲ್ಲ. ತಿಂಗಳದ್ದು ಕಟ್ಟಿ, ವರ್ಷದ್ದು ಕಟ್ಟಿದೆ ಎಂದು ಹೇಳಿದ್ದೇನೆ. ಹೆಚ್ಚಿಗೆ ಬೀಳುವುದನ್ನು ಪ್ರತಿ ತಿಂಗಳು ನನ್ನ ಕೂಲಿಯಿಂದ ಕಟ್ಟುತ್ತೇನೆ, ಅವಳಿಗೆ ತಿಳಿಯುವುದು ಬೇಡ. ಮುಂದಿನ ವಾರ ಭೇಟಿಗೆ ಬಂದಾಗ ಅವಳು, ಚಳಿಗಾಲಕ್ಕೆ ಏನೇನು ಬೇಕು, ಈಗಲೇ ತರಿಸಿಡುತ್ತೇನೆ ಎಂದು ಕೇಳುತ್ತಾಳೆ. ನಿನ್ನ ಕಾಲಿಗೆ ಬೀಳುತ್ತೇನೆ ಅಣ್ಣಾ, ಚಳಿಗಾಲಕ್ಕೆ ಏನೂ ಕೇಳಬೇಡ. ಈ ತಿಂಗಳಿಗಾಗುವಷ್ಟು ಚಹಾಪುಡಿ ಕೇಳು, ಸಾಕು.